ಒಂದು ಕುರ್ಚಿಯ ಬೆಂಬಲ

ಸಾವಿನ ಮನೆಯಲ್ಲಿ ಮನುಷ್ಯ ಮೊದಲು ಕಲಿಯುವ ವಿದ್ಯೆ ತಲೆಯಾಡಿಸುವುದು. "ಧೈರ್ಯ ತಂದ್ಕೋಬೇಕಮ್ಮ" ಎಂದರೆ ತಲೆಯಾಡಿಸಬೇಕು. "ಒಳ್ಳೆಯವರಿಗೇ ಹೀಗಾಗೋದು" ಎಂದರೆ ತಲೆಯಾಡಿಸಬೇಕು. "ಚಾಪೆ ಎಲ್ಲಿದೆ?" ಎಂದು ಕೇಳಿದರೆ ಅದಕ್ಕೂ ತಲೆಯಾಡಿಸಿದರೆ ಸಾಕು, ಕೇಳಿದವರೇ ಹುಡುಕಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಬಂದ ಸೊಸೆ ಈ ವಿದ್ಯೆಯಲ್ಲಿ ಎಷ್ಟು ಬೇಗ ಪಳಗಿದಳೆಂದರೆ, ಬಂದವರು ಬಾಯಿ ತೆರೆಯುವ ಮೊದಲೇ ಅವಳ ಕುತ್ತಿಗೆ ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಆಗುತ್ತಿತ್ತು. ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಆ ಕುತ್ತಿಗೆ.

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ನಲ್ಲಿಯಲ್ಲಿ ನೀರು ಬಂತು. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಇನ್ನು ಮೇಲೆ ಒಂದು ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಎರಡನೆಯ ಪ್ಯಾಕೆಟನ್ನು ಏನು ಮಾಡುವುದೆಂದು ತಿಳಿಯದೆ ಅವಳು ಅದನ್ನೇ ನೋಡುತ್ತ ನಿಂತಿದ್ದಾಗ ಬಾಗಿಲು ಬಡಿದ ಸದ್ದಾಯಿತು.

ಬಂದವರು ಮೇಸ್ತ್ರಿ. ಗಂಡ ಕೆಲಸ ಮಾಡುತ್ತಿದ್ದ ಕುರ್ಚಿ ಕಾರ್ಖಾನೆಯಲ್ಲಿ ಗರಗಸ ವಿಭಾಗದ ಹಿರಿಯ, ಕಾರ್ಮಿಕ ಸಂಘದ ಅಧ್ಯಕ್ಷ. ಯಂತ್ರದ ಸದ್ದಿನ ಮೇಲೆ ಇಡೀ ಆಯುಷ್ಯ ಕೂಗಿ ಕೂಗಿ, ಅವರ ಪಿಸುದನಿಯೂ ಬೀದಿಯ ಕೊನೆಗೆ ಕೇಳುತ್ತಿತ್ತು.

"ತಂಗೀ, ಯಾರಿಗೂ ಕೇಳಿಸಬಾರ್ದು, ಗುಟ್ಟಿನ ವಿಷ್ಯ!" ಎಂದು ಅವರು ಕೂಗಿದರು.

ಎದುರುಮನೆಯ ಕಿಟಕಿ ತೆರೆದುಕೊಂಡಿತು.

ಗುಟ್ಟು ಇಷ್ಟು. ದೇಶದ ಕಾರ್ಮಿಕ ಸಂಘಗಳೆಲ್ಲ ಸೇರಿದ ಮಹಾಮಂಡಲಕ್ಕೆ ಹೊಸ ಅಧ್ಯಕ್ಷರ ಆಯ್ಕೆ ನಡೆಯುತ್ತಿತ್ತು. ತಾನು ಯಾರ ಬೆಂಬಲಕ್ಕೆ ಎಂದು ಪ್ರತಿಯೊಂದು ಸಂಘವೂ ಆ ಸಂಜೆಯೊಳಗೆ ತಿಳಿಸಬೇಕು. ಕಣದಲ್ಲಿ ಇಬ್ಬರು. ಒಬ್ಬರಿಗೆ ಕಾರ್ಮಿಕರು ಇಟ್ಟ ಹೆಸರು ಗುಡುಗು: ಅವರು ಮಾತಾಡಲು ನಿಂತರೆ ಮೈಕು ಬೇಡ, ಕೇಳುವವರಿಗೆ ಹತ್ತಿ ಬೇಕು. ಇನ್ನೊಬ್ಬರು ಪಿಸುಮಾತು: ಮಾಲೀಕರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಾರೆ, ಏನು ಹೇಳಿದರೆಂದು ಯಾರಿಗೂ ತಿಳಿಯುವುದಿಲ್ಲ, ಸಂಬಳ ಮಾತ್ರ ಒಂದಿಷ್ಟು ಏರುತ್ತದೆ. ಈ ಕಾರ್ಖಾನೆಯಲ್ಲಿ ಇಬ್ಬರನ್ನೂ ಕಣ್ಣಾರೆ ಕಂಡವರಿರಲಿಲ್ಲ. ಅವರಿಗಾಗಿ ಜಗಳವಾಡಲು ಅದೇನೂ ಅಡ್ಡಿಯಾಗಿರಲಿಲ್ಲ. ಮೇಸ್ತ್ರಿ ಗುಡುಗಿನ ಕಡೆ.

ಈ ಸಂಘದಲ್ಲಿ ಕೈ ಎತ್ತಿ ಓಟು ಹಾಕುವ ಪದ್ಧತಿ ಇಲ್ಲ. ಸದಸ್ಯನಾಗುವವನು ತನ್ನ ಕೈಯಾರೆ ಒಂದು ಕುರ್ಚಿ ಮಾಡಿ, ಅದರ ತಳಕ್ಕೆ ಕಾದ ಕಬ್ಬಿಣದಿಂದ ತನ್ನದೊಂದು ಗುರುತು ಹಾಕಿಕೊಳ್ಳಬೇಕು. ಕುರ್ಚಿ ಅವನ ಮನೆಯಲ್ಲೇ ಇರುತ್ತದೆ. ಸಭೆಯ ದಿನ ಅದನ್ನು ಹೊತ್ತು ತಂದು ತನಗೆ ಬೇಕಾದ ಪಕ್ಷದ ಕಡೆ ಇಟ್ಟರೆ ಅದೇ ಓಟು. ಪಾಳಿ ಬಿಟ್ಟು ಬರಲಾಗದವನು ಪಕ್ಕದ ಮನೆಯವನ ಕೈಯಲ್ಲಿ ಕುರ್ಚಿ ಕಳಿಸುತ್ತಾನೆ. ಎಣಿಸುವುದು ಕುರ್ಚಿಯನ್ನು, ಮನುಷ್ಯನನ್ನಲ್ಲ. ಮುರಿದ ಕುರ್ಚಿಗೆ ಓಟಿಲ್ಲ. ಇನ್ನು ಸದಸ್ಯ ಸತ್ತರೆ, ಆಮೇಲಿನ ಮೊದಲ ಸಭೆಗೆ ಅವನ ಕುರ್ಚಿ ಬರಬಹುದು, ಮನೆಯವರು ಹೇಳಿದ ಕಡೆ ಕೂರಬಹುದು. ಗೌರವಕ್ಕೆಂದು ಮಾಡಿದ ನಿಯಮ. ಅಲ್ಲಿಯವರೆಗೆ ಅದರಿಂದ ಯಾರ ನಿದ್ದೆಯೂ ಕೆಟ್ಟಿರಲಿಲ್ಲ.

"ಲೆಕ್ಕ ಹಾಕಿ ಆಯ್ತು ತಂಗೀ. ಅವ್ರ ಕಡೆ ಎಷ್ಟೋ ನಮ್ಮ ಕಡೆನೂ ಅಷ್ಟೇ. ನಿನ್ನ ಗಂಡನ ಕುರ್ಚಿ ಎಲ್ಲಿ ಕೂತ್ಕೊಳ್ಳುತ್ತೋ ಅವ್ರೇ ಗೆದ್ದ ಹಾಗೆ. ನಮ್ಮ ಕಡೆ ತಾನೆ?"

ಕುತ್ತಿಗೆ ಮೇಲೆ ಕೆಳಗೆ ಆಯಿತು.

"ಆಹಾ! ನೋಡು, ನಿನ್ನ ಕೆಲ್ಸದ ವಿಷ್ಯ ನನಗೆ ಬಿಡು. ಸಂಘ ಬರೆದುಕೊಟ್ರೆ ಕಾರ್ಖಾನೆ ಇಲ್ಲ ಅನ್ನಲ್ಲ. ಗಂಡನ ಬದಲಿಗೆ ನಿನಗೆ ಆಫೀಸಲ್ಲಿ ಕೆಲ್ಸ, ಈ ಮನೆನೂ ಉಳಿಯುತ್ತೆ."

ಮನೆ ಎಂದರೆ ಕಾರ್ಖಾನೆಯ ವಸತಿಸಾಲಿನ ಒಂದೂವರೆ ಕೋಣೆ. ಕೆಲಸಗಾರ ಇಲ್ಲವಾದರೆ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಆ ಅರ್ಧ ಕೋಣೆಯಲ್ಲಿ ಮಲಗಿದ್ದ ಅತ್ತೆಗೆ ಹೋಗಲು ಬೇರೆ ಜಾಗ ಇರಲಿಲ್ಲ. ಸೊಸೆಗೂ ಇರಲಿಲ್ಲ. ಹಾಗಾಗಿ ತಲೆಯಾಡಿಸಿದ್ದು ಒಳ್ಳೆಯದೇ ಆಯಿತು ಎಂದುಕೊಂಡು ಅವಳು ಚಹಾಕ್ಕೆ ನೀರಿಟ್ಟಳು.

ನೀರು ಕುದಿಯುವ ಮೊದಲೇ ಹಿಂಬಾಗಿಲಿನಿಂದ ಕುಶನ್ ಎಂಬ ಅಡ್ಡಹೆಸರಿನವನು ಬಂದ. ಕುರ್ಚಿಗಳಿಗೆ ಮೆತ್ತೆ ಕೂರಿಸುವವನು, ಸಂಘದ ಕಾರ್ಯದರ್ಶಿ, ಪಿಸುಮಾತಿನ ಭಕ್ತ. ಮಾತೂ ಹಾಗೇ, ಎಲ್ಲಿ ಒತ್ತಿದರೂ ಒಳಗೆ ಹೋಗುವಂಥದ್ದು.

"ಅಕ್ಕಾ, ಅಣ್ಣನ್ನ ನೆನೆಸಿಕೊಂಡ್ರೆ ಹೊಟ್ಟೆಗೆ ಅನ್ನ ಇಳಿಯಲ್ಲ," ಎಂದ.

ಅವಳು ತಲೆಯಾಡಿಸಿದಳು.

"ಅವ್ರಂಥ ಪಾಲಿಶ್ ಯಾರು ಹಾಕ್ತಾರೆ? ಮುಖ ನೋಡ್ಕೊಂಡು ಗಡ್ಡ ಹೆರೆಯಬಹುದಿತ್ತು."

ತಲೆಯಾಡಿಸಿದಳು.

"ಕುರ್ಚಿ ಪಿಸುಮಾತಿನವರ ಕಡೆ ಇಟ್ಕೊಳ್ಳೋಣ್ವಾ?"

ಓಡುವ ಗಾಡಿಗೆ ಬ್ರೇಕು ಹಾಕಿದರೂ ಒಂದಿಷ್ಟು ದೂರ ಹೋಗಿಯೇ ನಿಲ್ಲುವುದು. ಅವಳ ತಲೆ ಇನ್ನೊಂದು ಸಲ ಆಡಿ ನಿಂತಿತು. ಕುಶನ್ ಕಣ್ಣೊರೆಸಿಕೊಂಡು, "ನಿಮ್ಮ ಕೆಲ್ಸ, ಈ ಮನೆ, ಎರಡೂ ನನ್ನ ಜವಾಬ್ದಾರಿ ಅಕ್ಕಾ" ಎಂದು ಹೇಳಿ ಬಂದ ದಾರಿಯಲ್ಲೇ ಜಾರಿಕೊಂಡ.

"ಇಬ್ರಿಗೂ ಹ್ಞೂಂ ಅಂದ್ಯಲ್ಲೇ!" ಎಂದಿತು ಗೋಡೆ.

ವಸತಿಸಾಲಿನ ಗೋಡೆಗಳು ಕಾರ್ಖಾನೆಯಲ್ಲಿ ಬೇಡವಾದ ಪ್ಲೈವುಡ್ಡಿನವು. ಆಚೆಗೆ ಇದ್ದವರನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಅವರು ಈಚೆಯ ಮಾತುಕತೆಗೆ ಆಚೆಯಿಂದಲೇ ಉತ್ತರ ಕೊಡುತ್ತಿದ್ದರು.

"ಹ್ಞೂಂ ಅನ್ಲಿಲ್ಲ ಚಿಕ್ಕಮ್ಮ, ತಲೆ ಆಡಿಸಿದೆ ಅಷ್ಟೆ."

"ಅದನ್ನೇ ಹೇಳ್ತಿರೋದು. ನಾನು ಯಾರಿಗೂ ಹೇಳಲ್ಲ ಬಿಡು," ಎಂದಿತು ಗೋಡೆ. ಆಮೇಲೆ ಗೋಡೆಯ ಆಚೆ ಚಪ್ಪಲಿ ಮೆಟ್ಟಿದ ಸದ್ದು, ಬಾಗಿಲಿಗೆ ಚಿಲಕ ಹಾಕಿದ ಸದ್ದು ಕೇಳಿಸಿತು.

ವಿಷಯ ಬೀದಿಗೆ ಹೊರಟಿತೆಂದು ಸೊಸೆಗೆ ಗೊತ್ತಾಯಿತು. ಇಬ್ಬರಿಗೂ ಮಾತು ಕೊಟ್ಟವಳಿಗೆ ಒಬ್ಬರೂ ಬರೆದುಕೊಡುವುದಿಲ್ಲ. ಮೇಸ್ತ್ರಿಯನ್ನೇ ಕಂಡು ಇದ್ದದ್ದು ಹೇಳಿಬಿಡುವುದೆಂದು ಸೆರಗು ಸರಿಮಾಡಿಕೊಂಡು ಹೊರಟಳು. ದಾರಿಯುದ್ದಕ್ಕೂ "ಇಲ್ಲ, ಇಲ್ಲ, ಇಲ್ಲ" ಎಂದು ಕುತ್ತಿಗೆಯನ್ನು ಅಡ್ಡಡ್ಡ ಆಡಿಸಿ ಅಭ್ಯಾಸ ಮಾಡಿದಳು. ಎದುರಾದ ತರಕಾರಿಯವನು, ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮೇಸ್ತ್ರಿಯ ಮನೆಯ ಬಾಗಿಲು ತೆರೆದದ್ದು ಅವರ ಹೆಂಡತಿ. ಇವಳನ್ನು ಕಂಡದ್ದೇ ತಬ್ಬಿಕೊಂಡು, "ಅಯ್ಯೋ ಈ ವಯಸ್ಸಲ್ಲಿ ಹೀಗಾಗ್ಬಾರ್ದಿತ್ತು ಕಣಮ್ಮಾ" ಎಂದು ಗೊಳೋ ಎಂದರು. ಇವಳ ಗಲ್ಲ ಅವರ ಭುಜದ ಮೇಲೆ ಸಿಕ್ಕಿಕೊಂಡಿತ್ತು. ಆ ಸ್ಥಿತಿಯಲ್ಲಿ ತಲೆಯನ್ನು ಮೇಲೆ ಕೆಳಗೆ ಬಿಟ್ಟರೆ ಬೇರೆ ಯಾವ ದಿಕ್ಕಿಗೂ ಆಡಿಸಲಾಗುತ್ತಿರಲಿಲ್ಲ. ಒಳಗಿನಿಂದ ಮೇಸ್ತ್ರಿ, "ನಮ್ಮ ಕಡೆ ಅಂತ ಇನ್ನೊಂದ್ಸಲ ಗಟ್ಟಿ ಮಾಡೋಕೆ ಬಂದ್ಯಾ ತಂಗೀ? ನೋಡಿ, ಇದು ನಿಯತ್ತು ಅಂದ್ರೆ!" ಎಂದು ಬೀದಿಗೆಲ್ಲ ಸಾರಿದರು.

ವಾಪಸು ಬರುವಷ್ಟರಲ್ಲಿ ಮನೆಯ ಮುಂದೆ ಜನ ಸೇರಿತ್ತು. ಚಿಕ್ಕಮ್ಮ ಯಾರಿಗೂ ಹೇಳದ ವಿಷಯ ಎಲ್ಲರಿಗೂ ತಿಳಿದಿತ್ತು. ಮುಂಬಾಗಿಲಲ್ಲಿ ಗುಡುಗಿನ ಕಡೆಯ ಇಬ್ಬರು ಕಾವಲು ನಿಂತಿದ್ದರು, ಹಿಂಬಾಗಿಲಲ್ಲಿ ಪಿಸುಮಾತಿನ ಕಡೆಯ ಇಬ್ಬರು. ಕುರ್ಚಿಯನ್ನು ಯಾರಾದರೂ ಹಾರಿಸಿಕೊಂಡು ಹೋದರೆ ಎಂದು ಎರಡೂ ಕಡೆಯವರಿಗೆ ಭಯ. ಒಳಗೆ ಚಿಕ್ಕಮ್ಮ ಆಗಲೇ ಕುರ್ಚಿಯ ಬೆನ್ನಿಗೆ ಕೈ ಹಾಕಿ, "ನಮ್ಮನೇಲಿ ಜೋಪಾನವಾಗಿ ಇಟ್ಟಿರ್ತೀನಿ" ಎಂದು ಎಳೆಯುತ್ತಿದ್ದರು. ಅವರ ಯಜಮಾನರು ಪಿಸುಮಾತಿನ ಪಕ್ಷ.

ಕುರ್ಚಿ ಮಾತ್ರ ಅಲುಗಲಿಲ್ಲ. ಅದರ ಮೇಲೆ ಅತ್ತೆ ಕೂತಿದ್ದರು.

ಒಂದು ವಾರದಿಂದ ಹಾಸಿಗೆ ಬಿಟ್ಟು ಏಳದಿದ್ದ ಹೆಂಗಸು, ಎರಡೂ ಕೈ ಕುರ್ಚಿಯ ತೋಳಿನ ಮೇಲಿಟ್ಟು ಕಂಬದ ಹಾಗೆ ಕೂತಿದ್ದರು.

"ನನ್ನ ಮಗ ಕೂತಿದ್ದ ಕುರ್ಚಿ ಇದು. ಗುಡುಗಾದ್ರೂ ಬರ್ಲಿ, ಮಿಂಚಾದ್ರೂ ಬರ್ಲಿ, ನಾನು ಏಳಲ್ಲ."

"ಅತ್ತೆ, ಸ್ವಲ್ಪ ಚಹಾ..."

"ಇಲ್ಲೇ ತಂದುಕೊಡು."

ಅವಳು ತಂದುಕೊಟ್ಟಳು. ಎರಡನೆಯ ಪ್ಯಾಕೆಟ್ಟಿನ ಹಾಲೂ ಖರ್ಚಾಯಿತು, ಏಕೆಂದರೆ ಎರಡೂ ಬಾಗಿಲಿನ ಕಾವಲಿನವರು ತಮಗೂ ಒಂದೊಂದು ಲೋಟ ಎಂದರು. ಮಧ್ಯಾಹ್ನ ಮೇಸ್ತ್ರಿ ಬಂದು ಅತ್ತೆಯ ಮುಂದೆ ಗುಡುಗಿದರು. ಕುಶನ್ ಬಂದು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದ. ಅತ್ತೆ ಇಬ್ಬರಿಗೂ ಒಂದೇ ಉತ್ತರ ಕೊಟ್ಟರು: "ಕುರ್ಚಿ ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೇ."

ಸಂಜೆಯ ಸೈರನ್ ಕೂಗಿತು. ಸಭೆಗೆ ಹೊತ್ತಾಯಿತು. ಬೀದಿ ತುಂಬ ಜನ ತಮ್ಮ ತಮ್ಮ ಕುರ್ಚಿಗಳನ್ನು ತಲೆಯ ಮೇಲೆ ಬೋರಲು ಇಟ್ಟುಕೊಂಡು ಹೊರಟಿದ್ದರು. ದೂರದಿಂದ ನೋಡಿದರೆ ಕೊಂಬಿನ ಪ್ರಾಣಿಗಳ ಮಂದೆ ಮೇವಿಗೆ ಹೊರಟ ಹಾಗೆ ಕಾಣುತ್ತಿತ್ತು. ಬೇರೆ ದಾರಿ ಕಾಣದೆ ಗುಡುಗಿನ ಇಬ್ಬರು, ಪಿಸುಮಾತಿನ ಇಬ್ಬರು ಒಂದೊಂದು ಕಾಲು ಹಿಡಿದು ಅತ್ತೆಯ ಸಮೇತ ಕುರ್ಚಿಯನ್ನು ಎತ್ತಿದರು. ವರ್ಷದಲ್ಲಿ ಎರಡೂ ಕಡೆಯವರು ಸೇರಿ ಮಾಡಿದ ಕೆಲಸ ಅದೊಂದೇ.

"ಮೆಲ್ಲಗೆ ಕಣ್ರೋ! ಎಡಗಡೆಯವನೇ, ನೀನೇನು ಗಿಡ್ಡನಾ?" ಎಂದು ಅತ್ತೆ ಮೇಲಿನಿಂದ ಗದರುತ್ತ, ಬೀದಿಯ ಎರಡೂ ಬದಿ ನೋಡುತ್ತ ಸಾಗಿದರು. ಎಷ್ಟೋ ದಿನಗಳ ಮೇಲೆ ಅವರ ಮುಖಕ್ಕೆ ಗಾಳಿ ಸೋಕಿತ್ತು. ಹಿಂದೆ ಸೊಸೆ. ಅವಳಿಗೆ ತಲೆಯಲ್ಲಿ ಒಂದೇ ಯೋಚನೆ: ಕುರ್ಚಿಯನ್ನು ಯಾರ ಕಡೆ ಇಡಲಿ? ಒಬ್ಬರನ್ನಾದರೂ ಉಳಿಸಿಕೊಂಡರೆ ಮನೆ ಉಳಿಯುತ್ತದೆ.

ಸಂಘದ ಹಾಲ್‌ನಲ್ಲಿ ಕಿಟಕಿಯ ಕಡೆ ಗುಡುಗಿನವರ ಕುರ್ಚಿಗಳು, ಬಾಗಿಲಿನ ಕಡೆ ಪಿಸುಮಾತಿನವರದು. ಎರಡೂ ಸಾಲು ಸರಿಸಮ. ನಡುವೆ ಅತ್ತೆಯನ್ನು ಇಳಿಸಿದರು. ಇಬ್ಬರು ಅಭ್ಯರ್ಥಿಗಳ ನಗುಮುಖದ ಕರಪತ್ರಗಳು ನೆಲದ ತುಂಬ ಚೆಲ್ಲಾಡಿದ್ದವು.

"ತಂಗಿ ನನಗೆ ಬೆಳಗ್ಗೆನೇ ಮಾತು ಕೊಟ್ಟಿದ್ದಾಳೆ!" ಎಂದರು ಮೇಸ್ತ್ರಿ.

"ಅಕ್ಕ ನನಗೂ ಕೊಟ್ಟಿದ್ದಾರೆ," ಎಂದ ಕುಶನ್ ಮೆತ್ತಗೆ.

"ನನಗೆ ಆಡಿಸಿದ್ದು ಪೂರ್ತಿ ತಲೆ! ನಿನಗೆ ಏನಾಡ್ಸಿದ್ಲು? ಗಲ್ಲ ಆಡ್ಸಿರಬೇಕು."

"ಮೂರು ಸಲ ಆಡಿಸಿದ್ದಾರೆ, ಸ್ವಾಮಿ."

"ಹೇಗೆ ಆಡ್ಸಿದ್ಲು, ತೋರಿಸು ನೋಡೋಣ!"

ಕುಶನ್ ತೋರಿಸಿದ. ಹಾಗಲ್ಲ, ಹೀಗೆ ಎಂದು ಮೇಸ್ತ್ರಿ ತೋರಿಸಿದರು. ಹಿಂದೆ ಕೂತವರು ತಮಗೆ ತೋಚಿದಂತೆ ಆಡಿಸಿ ನೋಡಿದರು. ಸ್ವಲ್ಪ ಹೊತ್ತು ಇಡೀ ಸಂಘ ಗಾಳಿಗೆ ಸಿಕ್ಕ ಜೋಳದ ಹೊಲದ ಹಾಗೆ ತಲೆಯಾಡಿಸಿತು.

"ಅವಳನ್ನೇ ಕೇಳ್ರೋ!" ಎಂದು ಯಾರೋ ಕೂಗಿದರು.

ಸೊಸೆ ಎದ್ದು ನಿಂತಳು. ಎರಡೂ ಕಡೆ ನೋಡಿದಳು. ಮೇಸ್ತ್ರಿ ಹೇಳಿದರೆ ಕಾರ್ಖಾನೆಯವರಿಗೆ ಕೇಳಿಸುವುದಂತೂ ಖಂಡಿತ ಎಂದು ಅವಳಿಗೆ ಅನ್ನಿಸಿತು.

"ಕಿಟಕಿ ಕಡೆ ಇಡಿ," ಎಂದಳು. ಒಂದು ವಾರದಲ್ಲಿ ನಾಲ್ಕು ಜನರೆದುರು ತಲೆಯಾಡಿಸದೆ ಆಡಿದ ಮೊದಲ ಮಾತು.

ಗುಡುಗಿನ ಕಡೆ ಸಿಳ್ಳೆ ಬಿತ್ತು. ಕುಶನ್ ಮೆತ್ತಗೇ ಎದ್ದ.

"ಅಕ್ಕನ ಇಷ್ಟ, ನಾನು ಬೇಡ ಅನ್ನಲ್ಲ. ಆದ್ರೆ ಗುರುತು ನೋಡ್ಬೇಕಲ್ಲ? ಎಲ್ಲ ಕುರ್ಚಿನೂ ತಿರುಗಿಸಿ ನೋಡಿ ಆಗಿದೆ. ಇದೊಂದು ಬಾಕಿ."

ಅದೂ ಸರಿಯೇ. ಹಿಂದೆಲ್ಲ ಯಾರೂ ತಳ ನೋಡುತ್ತಿರಲಿಲ್ಲ. ಈ ಸಲ ಪೈಪೋಟಿ ಹೆಚ್ಚಾಗಿ, ಎದುರಿನವರು ರಾತ್ರೋರಾತ್ರಿ ಕುರ್ಚಿ ಮಾಡಿ ತಂದಿದ್ದಾರೆಂದು ಇಬ್ಬರಿಗೂ ಅನುಮಾನ; ಮಾಡುವುದು ಇವರಿಗೇನು ಕಷ್ಟ? ಹಾಗಾಗಿ ಆ ದಿನ ಪ್ರತಿಯೊಂದು ಕುರ್ಚಿಯನ್ನೂ ಬೋರಲು ಹಾಕಿ, ತಳದ ಸುಟ್ಟ ಗುರುತು ನೋಡಿಯೇ ಒಳಗೆ ಬಿಟ್ಟಿದ್ದರು. ಅತ್ತೆ ಕೂತಿದ್ದರಿಂದ ಇದನ್ನು ಮಾತ್ರ ಬೋರಲು ಹಾಕಲಾಗಿರಲಿಲ್ಲ.

"ಅವನ ಗುರುತು ಮೀನು," ಎಂದರು ಮೇಸ್ತ್ರಿ. "ನಾನೇ ಕಬ್ಬಿಣ ಕಾಯಿಸಿಕೊಟ್ಟಿದ್ದೆ. ಏಳಿ ತಾಯಿ, ಒಂದೇ ನಿಮಿಷ."

ಸೊಸೆ ಕೈ ಹಿಡಿದಳು. ಅತ್ತೆ ಎದ್ದರು. ಕುರ್ಚಿಯನ್ನು ತಿರುಗಿಸಿದರು.

ಮೀನು ಇರಲಿಲ್ಲ. ಕಾರ್ಖಾನೆಯ ಮೊಹರು ಇತ್ತು. ಅದರ ಕೆಳಗೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದಿತ್ತು: ಮುಖ್ಯ ಗೇಟು.

"ಇದು ವಾಚ್‌ಮನ್ ಕುರ್ಚಿ!" ಎಂದ ಕುಶನ್. ಅವನು ಕೂಗಿದ್ದನ್ನು ಜನ ಕೇಳಿದ್ದು ಅದೇ ಮೊದಲು.

ಪಾಲಿಶ್ ವಿಭಾಗದವನೊಬ್ಬ ಮೂಲೆಯಲ್ಲಿ ಬೆವರೊರೆಸಿಕೊಳ್ಳುತ್ತಿದ್ದ. ನಾಲ್ಕು ಜನ ತಿರುಗಿ ನೋಡಿದ್ದೇ ತಡ, ಬಾಯಿ ಬಿಟ್ಟ.

"ಅಣ್ಣನ ಕುರ್ಚಿ ಹೋದ ವರ್ಷನೇ ಮುರೀತು, ಪಾಲಿಶ್ ಹಾಕೋಕೆ ಅಂತ ಕಾರ್ಖಾನೆಗೆ ತಂದಾಗ. ಕೂತಿದ್ದ ಹಾಗೇ ಕುಸಿದುಬಿತ್ತು. ಕುರ್ಚಿ ಮಾಡೋನ ಕುರ್ಚಿನೇ ಮುರಿದು ಬಿತ್ತು ಅಂತ ಗೊತ್ತಾದ್ರೆ ಸಾಯೋವರೆಗೂ ಆಡ್ಕೋತೀರಿ ಅಂತ ಹೇಳ್ಬೇಡ ಅಂದಿದ್ರು. ಸಾಯೋವರೆಗೂ ಹೇಳ್ಲಿಲ್ಲ ನಾನು. ಮಾರನೇ ದಿನ ಸಭೆ ಇತ್ತು, ಗೇಟಿನ ಕುರ್ಚಿ ಇಸ್ಕೊಂಡು ಬಂದ್ರು."

"ಯಾವ ಸಭೆ?"

"ಅದೇ... ಮುಷ್ಕರದ ಸಭೆ."

ಹೋದ ವರ್ಷ ಕಾರ್ಖಾನೆಯನ್ನು ನಡುಗಿಸಿದ ಮುಷ್ಕರ, ಸಂಘದ ಚರಿತ್ರೆಯಲ್ಲೇ ದೊಡ್ಡ ಗೆಲುವು, ಮಹಾಮಂಡಲದ ಪತ್ರಿಕೆಯಲ್ಲಿ ಮೇಸ್ತ್ರಿಯ ಫೋಟೋ ಬಂದದ್ದು, ಎಲ್ಲವೂ ತೀರ್ಮಾನವಾದದ್ದು ಒಂದೇ ಒಂದು ಕುರ್ಚಿಯ ಅಂತರದಲ್ಲಿ.

"ಅಂದ್ರೆ," ಎಂದ ಹಿಂದಿನ ಸಾಲಿನವನೊಬ್ಬ, "ನಾವು ಮುಷ್ಕರ ಮಾಡಿದ್ದು ಮಾಲೀಕರ ಕುರ್ಚಿ ಓಟಿಂದಲಾ?"

ಮೇಸ್ತ್ರಿ ಮೊದಲ ಸಲ ನಿಜವಾಗಿ ಪಿಸುಗುಟ್ಟಿದರು: "ಬಾಗಿಲು ಹಾಕ್ರೋ."

ಆಮೇಲೆ ಎಲ್ಲ ಬೇಗ ಮುಗಿಯಿತು. ಈ ಕುರ್ಚಿ ಇಲ್ಲಿಗೆ ಬಂದೇ ಇಲ್ಲ, ಇದನ್ನು ಯಾರೂ ನೋಡಿಲ್ಲ ಎಂದು ಸರ್ವಾನುಮತದಿಂದ ಒಪ್ಪಲಾಯಿತು. ಗುಡುಗು, ಪಿಸುಮಾತು ಇಬ್ಬರಿಗೂ ಸಮಾನ ಬೆಂಬಲ ಎಂದು ಮಹಾಮಂಡಲಕ್ಕೆ ತಿಳಿಸುವುದೆಂದಾಯಿತು. ಸೊಸೆ ಮೇಸ್ತ್ರಿಯ ಕಡೆ ನೋಡಿದಳು.

"ಅಣ್ಣಾ, ನನ್ನ ಕೆಲಸದ ವಿಷ್ಯ..."

"ಯಾವ ಆಧಾರದ ಮೇಲೆ ಬರೆಯೋದು ತಂಗೀ? ಮುರಿದ ಕುರ್ಚಿಯವನು ಸದಸ್ಯನೇ ಅಲ್ಲ ಅಂತ ಆಗುತ್ತೆ. ಇದನ್ನ ಈಗ ಕೆದಕೋದು ಬೇಡ. ಮುಂದೆ ನೋಡೋಣ."

ಅವಳು ಕುಶನ್ ಕಡೆ ತಿರುಗಿದಳು. ಕುಶನ್ ತಲೆಯಾಡಿಸಿದ. ಅದರ ಬೆಲೆ ಎಷ್ಟೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಹಾಗಾದ್ರೆ ಬೆಳಗ್ಗಿಂದ ನಾನು ಕೂತಿದ್ದು ವಾಚ್‌ಮನ್ ಕುರ್ಚಿ ಮೇಲಾ?" ಎಂದರು ಅತ್ತೆ.

"ಹೌದು ಅತ್ತೆ."

"ನನ್ನ ಮಗನೂ ಅದರ ಮೇಲೇ ಕೂತಿದ್ದ ತಾನೆ?"

"ವರ್ಷಪೂರ್ತಿ."

"ಹಾಗಾದ್ರೆ ನಾನು ಕೂತದ್ದು ಸರಿಯಾಗೇ ಇದೆ," ಎಂದು ಅತ್ತೆ ಸೆರಗು ಹೊದ್ದು, ಚಿಕ್ಕಮ್ಮನ ಕೈ ಹಿಡಿದು ಮನೆಯ ಕಡೆ ನಡೆದರು.

ಕುರ್ಚಿಯನ್ನು ಹೊರಲು ಈಗ ಯಾರೂ ಮುಂದೆ ಬರಲಿಲ್ಲ. ಸೊಸೆ ತಾನೇ ಎತ್ತಿಕೊಂಡಳು. ಹೋದ ವರ್ಷ ಒಂದು ಸಂಜೆ ಗಂಡ ವಾರ್ನಿಶ್ ವಾಸನೆಯ ಜೊತೆ ಇದನ್ನು ಮನೆಗೆ ತಂದು, "ಹಳೇದಕ್ಕೇ ಹೊಸ ಪಾಲಿಶ್, ಹೇಗಿದೆ?" ಎಂದು ಕೇಳಿದ್ದ. ಚೆನ್ನಾಗಿದೆ ಎಂದಿದ್ದಳು. ತಿರುಗಿಸಿ ನೋಡಬೇಕೆಂದು ಅನ್ನಿಸಿರಲಿಲ್ಲ.

ಮುಖ್ಯ ಗೇಟಿನಲ್ಲಿ ವಾಚ್‌ಮನ್ ಕಂಬಕ್ಕೆ ಒರಗಿ ನಿಂತಿದ್ದ. ಗುತ್ತಿಗೆಯ ಕೆಲಸದವನು, ಸಂಘಕ್ಕೆ ಸೇರಿದವನಲ್ಲ. ಒಂದು ಕಾಲು ನೋವು ಬಂದಾಗ ಇನ್ನೊಂದರ ಮೇಲೆ ಭಾರ ಹಾಕಿ, ಅದು ನೊಂದಾಗ ಮತ್ತೆ ಇದರ ಮೇಲೆ ಹಾಕಿ ನಿಲ್ಲುವುದು ಅವನಿಗೆ ಉಸಿರಾಟದಷ್ಟು ಸಲೀಸಾಗಿತ್ತು. ಅವಳು ಕುರ್ಚಿಯನ್ನು ಅವನ ಮುಂದೆ ಇಳಿಸಿದಳು.

"ನಿಮ್ಮದಂತೆ. ಅವರು ಇಸ್ಕೊಂಡಿದ್ರಂತೆ. ತಡ ಆಯ್ತು."

"ಎರಡು ದಿನಕ್ಕೆ ಅಂತ ಇಸ್ಕೊಂಡಿದ್ರಮ್ಮ," ಎಂದ ವಾಚ್‌ಮನ್ ಸಂಕೋಚದಿಂದ. "ದಿನಾ ಸಿಕ್ಕಾಗ, ನಾಳೆ ಖಂಡಿತ ಅನ್ನೋರು. ಅಷ್ಟು ಚೆನ್ನಾಗಿ ಹೇಳೋರಲ್ಲ, ಗಟ್ಟಿಯಾಗಿ ಕೇಳೋಕೆ ಬಾಯಿ ಬರ್ತಿರಲಿಲ್ಲ."

ಅವನು ಕುರ್ಚಿಯ ಸುತ್ತ ಒಂದು ಸುತ್ತು ಬಂದ. ತೋಳು ಸವರಿದ. ಮೆಲ್ಲಗೆ ಕೂತ. ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಮುಖ ಸಣ್ಣದಾಯಿತು.

"ಕುಂಟ್ತಾನೇ ಇಲ್ಲ!"

"ಮೊದಲು ಕುಂಟ್ತಿತ್ತಾ?"

"ಈ ಹಿಂದಿನ ಕಾಲು ಗಿಡ್ಡ ಇತ್ತಮ್ಮ. ಅಣ್ಣ ಸರಿ ಮಾಡಿಬಿಟ್ಟಿದ್ದಾರೆ."

ತನ್ನ ಮುರಿದ ಕುರ್ಚಿಯನ್ನು ಎಲ್ಲೋ ಬಚ್ಚಿಟ್ಟು, ಇನ್ನೊಬ್ಬನ ಕುರ್ಚಿಗೆ ಕಾಲು ಸರಿಮಾಡುತ್ತ ಕೂತವನನ್ನು ಅವಳು ಒಂದು ಕ್ಷಣ ಕಣ್ಣ ಮುಂದೆ ತಂದುಕೊಂಡಳು.

"ಒಳ್ಳೇದೇ ಆಯ್ತಲ್ಲ?" ಎಂದಳು.

"ಎಲ್ಲಿ ಒಳ್ಳೇದಮ್ಮ! ರಾತ್ರಿ ಪಾಳೀಲಿ ತೂಕಡಿಕೆ ಬಂದು ವಾಲಿದ ತಕ್ಷಣ ಟಕ್ ಅಂತ ಎಬ್ಬಿಸ್ತಿತ್ತು ಅದು. ಈಗ ಇದರ ಮೇಲೆ ಕೂತ್ರೆ ನಿದ್ದೆ. ನಿದ್ದೆ ಹೋದ್ರೆ ಕೆಲ್ಸ ಹೋಯ್ತು. ನಿಂತಿದ್ದಾಗ್ಲೇ ಚೆನ್ನಾಗಿದ್ದೆ!"

ಅವಳು ಸುತ್ತ ನೋಡಿದಳು. ಹಾಲ್‌ನಿಂದ ಹಾರಿ ಬಂದ ಕರಪತ್ರಗಳು ಗೇಟಿನ ಬುಡದಲ್ಲಿ ಬಿದ್ದಿದ್ದವು. ಗುಡುಗಿನ ನಗುಮುಖವನ್ನು ಎತ್ತಿಕೊಂಡು ಮಡಿಸಿ ಮಡಿಸಿ ಸಣ್ಣದು ಮಾಡಿ, ಕುರ್ಚಿಯ ಒಂದು ಕಾಲಿನ ಕೆಳಗೆ ಸಿಕ್ಕಿಸಿದಳು.

"ಕೂತು ನೋಡಿ."

ವಾಚ್‌ಮನ್ ಕೂತು ವಾಲಿ ನೋಡಿದ. "ಸಾಲ್ದಮ್ಮ."

ಅವಳು ಪಿಸುಮಾತಿನ ನಗುಮುಖವನ್ನೂ ಎತ್ತಿಕೊಂಡು, ಮಡಿಸಿ, ಅದರ ಮೇಲೇ ಇಟ್ಟಳು. ವಾಚ್‌ಮನ್ ಕಣ್ಣು ಮುಚ್ಚಿ ತೂಕಡಿಸುವವನ ಹಾಗೆ ಮೆಲ್ಲಗೆ ಬಲಕ್ಕೆ ವಾಲಿದ.

ಟಕ್.

"ಹಾಂ," ಎಂದ ಕಣ್ಣು ಬಿಟ್ಟು. "ಇಬ್ರೂ ಸೇರಿದ್ಮೇಲೆ ಸರಿಹೋಯ್ತು ನೋಡಿ."